ತುರಚೆ ಬಳ್ಳಿ ತಾಕಿದರೆ ಏನು ಹಚ್ಚಬೇಕು? ಸಗಣಿ, ಸುಣ್ಣ, ಸೋಡಾ?

ಬೇಲಿ ಪಕ್ಕದವನು, ಕೊರಟಗೆರೆ

ನಮಸ್ಕಾರ. ಕೊರಟಗೆರೆ ಹತ್ತಿರ ನಮ್ಮ ಅಜ್ಜಿಯ ಹೊಲ ಇದೆ. ಬದುವಿನಲ್ಲಿ ಹುಣಸೆ ಮರ, ಉಳಿದದ್ದೆಲ್ಲ ರಾಗಿ. ಈ ಸಲ ಮಳೆ ಬಿದ್ದ ಮೇಲೆ ಬೇಲಿ ತುಂಬ ಲಂಟಾನ ಎದ್ದಿದೆ. ಅದರ ಮೇಲೆ ತುರಚೆ ಬಳ್ಳಿ ಹಬ್ಬಿದೆ. ಭಾನುವಾರ ಮಚ್ಚು ಹಿಡಿದು ಸವರೋಕೆ ಹೋದೆ. ಅರ್ಧ ತೋಳಿನ ಬನಿಯನ್ ಬೇರೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಉರಿ ಹತ್ತಿಕೊಂಡಿತು. ಬಿಳೀ ಗಂಟು, ಸುತ್ತ ಕೆಂಪು.

ಉರಿಗಿಂತ ಜಾಸ್ತಿ ಕಾಟ ಕೊಟ್ಟಿದ್ದು ಸಲಹೆಗಳು. ಅಜ್ಜಿ "ಸಗಣಿ ಮೆತ್ತು" ಅಂದರು. ಪಕ್ಕದ ಹೊಲದವರು ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದೇಬಿಟ್ಟರು. ಟ್ರ್ಯಾಕ್ಟರ್ ಹುಡುಗ ಡೀಸೆಲ್ ಒರೆಸೋಕೆ ಬಂದ. ಚಿಕ್ಕಮ್ಮ ಫೋನಿನಲ್ಲಿ ಹುಣಸೆಹಣ್ಣು ಕಿವುಚಿ ಹಚ್ಚು ಅಂದರು. ಮೊಬೈಲಿನಲ್ಲಿ ಹುಡುಕಿದರೆ ಒಬ್ಬರು ಅಡುಗೆ ಸೋಡಾ ಅಂತಾರೆ, ಇನ್ನೊಬ್ಬರು ವಿನೆಗರ್ ಅಂತಾರೆ. ಒಂದು ಕ್ಷಾರ, ಇನ್ನೊಂದು ಆಮ್ಲ. ಎರಡೂ ಹೇಗೆ ಸರಿ ಆಗುತ್ತೆ? ನಾನು ಸುಮ್ನೆ ಬೋರ್‌ವೆಲ್ ನೀರಿಗೆ ಕೈ ಒಡ್ಡಿ ಕೂತೆ.

ಇನ್ನೂ ಅರ್ಧ ಬೇಲಿ ಬಾಕಿ ಇದೆ. ಮುಂದಿನ ವಾರ ಅಕ್ಕನ ಮಗನೂ ಬರ್ತಾನೆ. ಐದನೇ ಕ್ಲಾಸು, ಒಂದು ಕಡೆ ನಿಲ್ಲುವ ಹುಡುಗ ಅಲ್ಲ. ಇವುಗಳಲ್ಲಿ ನಿಜವಾಗಿ ಕೆಲಸ ಮಾಡುವುದು ಯಾವುದು? ಹಚ್ಚಲೇಬಾರದ್ದು ಯಾವುದು?

ಬೆಟ್ಟ ಹತ್ತುವವ, ಚಿಕ್ಕಬಳ್ಳಾಪುರ

ಸ್ಕಂದಗಿರಿಗೆ ಚಡ್ಡಿ ಹಾಕಿಕೊಂಡು ಬರುವವರ ಕಾಲಿಗೆ ಇದು ಆಗುತ್ತಲೇ ಇರುತ್ತೆ. ನನ್ನ ಬ್ಯಾಗಿನಲ್ಲಿ ಯಾವಾಗಲೂ ಕ್ಯಾಲಮೈನ್ ಲೋಷನ್ ಇರುತ್ತೆ. ಹಚ್ಚಿ, ಒಣಗಲು ಬಿಡಿ, ಅಷ್ಟೇ. ಮನೆಮದ್ದು ಅಂತ ತಲೆ ಕೆಡಿಸಿಕೊಳ್ಳಬೇಡಿ.

ಒಂದು ಮಾತು ಕೇಳಿದ್ದೇನೆ. ತುರಚೆ ಇರುವ ಕಡೆ ಪಕ್ಕದಲ್ಲೇ ಅದಕ್ಕೆ ಮದ್ದಿನ ಗಿಡವೂ ಇರುತ್ತಂತೆ. ಯಾವ ಗಿಡ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ತೋರಿಸ್ತಾರೆ. ಯಾರಿಗಾದರೂ ಗೊತ್ತಾ?

ಹಳೇ ಟೀಚರಮ್ಮ, ತುಮಕೂರು

ಪಕ್ಕದಲ್ಲೇ ಮದ್ದಿನ ಗಿಡ ಅನ್ನೋ ಮಾತು ಇಂಗ್ಲೆಂಡಿನಲ್ಲೂ ಇದೆ. ಅಲ್ಲಿಂದ ನಮ್ಮ ಪಾಠಕ್ಕೂ ಬಂದಿದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಿಯಾದವಳು. ಹತ್ತನೇ ತರಗತಿಯಲ್ಲಿ ಆಮ್ಲ, ಪ್ರತ್ಯಾಮ್ಲದ ಪಾಠ ಬರುತ್ತದೆ. ಅದರಲ್ಲಿ ನೆಟಲ್ ಅನ್ನುವ, ತುರಚೆಯ ಹಾಗೆ ಚುಚ್ಚುವ ಗಿಡದ ವಿಷಯ ಇದೆ. ಎಲೆಯ ರೋಮ ಚುಚ್ಚಿ ಮೆಥನೋಯಿಕ್ ಆಮ್ಲ ಬಿಡುತ್ತದೆ, ಪಕ್ಕದಲ್ಲಿ ಬೆಳೆಯುವ ಡಾಕ್ ಗಿಡದ ಎಲೆ ಉಜ್ಜಿದರೆ ಕಡಿಮೆಯಾಗುತ್ತದೆ ಅಂತ. ಮೆಥನೋಯಿಕ್ ಅಂದರೆ ಫಾರ್ಮಿಕ್ ಆಮ್ಲ, ಇರುವೆಯಲ್ಲಿ ಇರುವುದೇ. ಒಮ್ಮೆ ಮಕ್ಕಳನ್ನು ದೇವರಾಯನದುರ್ಗಕ್ಕೆ ಕರೆದುಕೊಂಡು ಹೋಗಿದ್ದೆವು. ನಾಮದ ಚಿಲುಮೆ ದಾಟಿದ ಮೇಲೆ ಒಬ್ಬ ಹುಡುಗ ತುರಚೆ ಮುಟ್ಟಿಕೊಂಡ. ಅಳುತ್ತಲೇ "ಮೇಡಂ, ಡಾಕ್ ಎಲ್ಲಿದೆ?" ಅಂತ ಕೇಳಿದ. ಪಾಠ ಓದಿದ್ದ, ಪಾಪ. ದುರ್ಗದ ಕುರುಚಲು ಕಾಡಿನಲ್ಲಿ ಡಾಕ್ ಎಲ್ಲಿಂದ ತರೋದು?

ಸಿಕ್ಕಿದ್ದರೂ ಆ ಲೆಕ್ಕ ಕೂಡುವುದಿಲ್ಲ. ಡಾಕ್ ಎಲೆಯ ರಸವೇ ಹುಳಿ. ಹುಳಿ ಹಚ್ಚಿದರೆ ಆಮ್ಲ ಹೇಗೆ ಸಾಯುತ್ತೆ? ಇನ್ನೊಂದು ವಿಷಯ. ನೆಟಲ್ ಉರಿಗೆ ಫಾರ್ಮಿಕ್ ಆಮ್ಲವೇ ಮುಖ್ಯ ಕಾರಣ ಅನ್ನೋದು ಹಳೇ ನಂಬಿಕೆ. 1947ರಲ್ಲೇ ಎಮ್ಮೆಲಿನ್, ಫೆಲ್ಡ್‌ಬರ್ಗ್ ಎಂಬ ಇಬ್ಬರು ವಿಜ್ಞಾನಿಗಳು ಆ ರೋಮದ ರಸದಲ್ಲಿ ಹಿಸ್ಟಮಿನ್ ಮತ್ತು ಅಸಿಟೈಲ್‌ಕೋಲಿನ್ ಇರುವುದನ್ನು ತೋರಿಸಿದರು. ಹಿಸ್ಟಮಿನ್ ಅಂದರೆ ಅಲರ್ಜಿ ಆದಾಗ ನಮ್ಮ ಮೈಯೇ ಬಿಡುವ ವಸ್ತು. ಗಂಟು, ಕೆಂಪು, ಕಡಿತ ಎಲ್ಲಾ ಅದರದ್ದೇ ಕೆಲಸ. ಅದು ಇಳಿದಿರುವುದು ಚರ್ಮದ ಒಳಗೆ. ಮೇಲೆ ಸೋಡಾ ಹಚ್ಚಿದರೇನು, ವಿನೆಗರ್ ಹಚ್ಚಿದರೇನು? ಹಾಗಾಗಿ ಕ್ಷಾರವೋ ಆಮ್ಲವೋ ಅನ್ನುವ ಜಗಳ ಬಿಟ್ಟುಬಿಡಿ.

ನಿಮ್ಮ ಬೇಲಿಯಲ್ಲಿ ಇರೋದು ನೆಟಲ್ ಕೂಡ ಅಲ್ಲ. ನಮ್ಮ ಬಯಲುಸೀಮೆಯ ತುರಚೆ ಬಳ್ಳಿ ಹರಳು ಗಿಡದ ಕುಟುಂಬಕ್ಕೆ ಸೇರಿದ್ದು. ಕಾಯಿ ನೋಡಿ, ಹರಳಿನ ಹಾಗೆ ಮೂರು ಹೋಳು. ಆದರೆ ಚುಚ್ಚುವ ಉಪಾಯ ಹೆಚ್ಚುಕಡಿಮೆ ಅದೇ. ನೆಟಲ್ ರೋಮದ ತುದಿ ಗಾಜಿನಂಥ ಸಿಲಿಕಾ, ತಾಕಿದ ತಕ್ಷಣ ಮುರಿದು ಇಂಜೆಕ್ಷನ್ ಸೂಜಿಯಾಗುತ್ತದೆ. ತುರಚೆಯ ರೋಮದೊಳಗೆ ಕ್ಯಾಲ್ಸಿಯಂ ಆಕ್ಸಲೇಟ್ ಅನ್ನುವ ಲವಣದ ಒಂದು ಚೂಪು ಸ್ಫಟಿಕ ಇರುತ್ತದೆ. ಅದು ಚರ್ಮ ಸೀಳುತ್ತದೆ, ಹಿಂದೆಯೇ ರಸ ಇಳಿಯುತ್ತದೆ.

ಇದನ್ನು ಇಷ್ಟುದ್ದ ಯಾಕೆ ಹೇಳಿದೆ ಅಂದರೆ, ಮದ್ದು ಯಾವುದೇ ಇರಲಿ, ಅದು ಎರಡರಲ್ಲಿ ಒಂದು ಕೆಲಸ ಮಾಡಬೇಕು. ಒಂದೋ ಮೈಮೇಲೆ ಉಳಿದ ರೋಮ ಕೀಳಬೇಕು, ಇಲ್ಲವೇ ಉರಿಯುವ ಜಾಗ ತಂಪು ಮಾಡಬೇಕು. ಮೊದಲು ಕೀಳೋದು, ಆಮೇಲೆ ತಂಪು. ಈ ಕ್ರಮ ತಿರುಗಿಸಿದರೆ ಒಳ್ಳೇ ಮದ್ದೂ ಕೆಡುತ್ತದೆ. ಕೊಬ್ಬರಿ ಎಣ್ಣೆಯನ್ನೇ ನೋಡಿ. ಮೊದಲೇ ಹಚ್ಚಿ ತಿಕ್ಕಿದರೆ ರೋಮಗಳು ಇನ್ನಷ್ಟು ಒಳಗೆ ಹೋಗುತ್ತವೆ, ಅಕ್ಕಪಕ್ಕಕ್ಕೂ ಹರಡುತ್ತವೆ. ಅದೇ ಎಣ್ಣೆಯನ್ನು ಸಂಜೆ ಹಚ್ಚಿದರೆ ಯಾವ ತೊಂದರೆಯೂ ಇಲ್ಲ.

ಹಾಗಾದರೆ ತಾಕಿದ ತಕ್ಷಣ ಏನು? ಕೆರೆಯಬೇಡಿ, ಒರೆಸಬೇಡಿ. ಇದು ಹೇಳೋಕೆ ಸುಲಭ, ಮಾಡೋಕೆ ಕಷ್ಟ, ಗೊತ್ತು. ಸೆಲ್ಲೋಟೇಪು ಅಥವಾ ಗಾಯಕ್ಕೆ ಹಾಕುವ ಅಂಟುಪಟ್ಟಿ ಇದ್ದರೆ ಮೆಲ್ಲಗೆ ಒತ್ತಿ, ಎಳೆದು ತೆಗೆಯಿರಿ. ಪ್ರತಿ ಸಲ ಹೊಸ ತುಂಡು. ಹೊಲದಲ್ಲಿ ಟೇಪು ಎಲ್ಲಿರುತ್ತೆ ಅಂತೀರಾ? ನಮ್ಮ ಅತ್ತೆ ಬುತ್ತಿಯಲ್ಲಿ ಉಳಿದ ತಣ್ಣನೆ ಮುದ್ದೆ ಮುರಿದು, ಅದನ್ನೇ ಉರಿಯುವ ಜಾಗಕ್ಕೆ ಒತ್ತಿ ಒತ್ತಿ ಎತ್ತುತ್ತಿದ್ದರು. ಉಜ್ಜುತ್ತಿರಲಿಲ್ಲ. ಆ ಮುದ್ದೆಯನ್ನು ನಾಯಿಗೂ ಹಾಕದೆ ಹೂಳುತ್ತಿದ್ದರು. ಅವರು ಸ್ಕೂಲಿಗೆ ಹೋದವರಲ್ಲ. ನಾನು ಕಂಡ ಮನೆಮದ್ದುಗಳಲ್ಲಿ ಇದಕ್ಕಿಂತ ಬುದ್ಧಿವಂತಿಕೆಯದ್ದು ಇನ್ನೊಂದಿಲ್ಲ.

ಆಮೇಲೆ ಸೋಪು ಹಾಕಿ ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರು ಬೇಡ, ಕಡಿತ ಜಾಸ್ತಿಯಾಗುತ್ತೆ. ನೀವು ಬೋರ್‌ವೆಲ್ ನೀರಿಗೆ ಕೈ ಒಡ್ಡಿ ಕೂತಿದ್ದು ಆವತ್ತು ಸಿಕ್ಕ ಸಲಹೆಗಳಿಗಿಂತ ವಾಸಿ. ನಂತರ ತಂಪಿಗೆ ಒದ್ದೆ ಬಟ್ಟೆ, ಮಡಕೆ ನೀರು, ಹುಳಿಯಾಗದ ತಣ್ಣನೆ ಮಜ್ಜಿಗೆಯಲ್ಲಿ ಅದ್ದಿದ ಬಟ್ಟೆ, ಲೋಳೆಸರದ ತಿರುಳು, ಯಾವುದಾದರೂ ಆಗುತ್ತೆ. ಲೋಳೆಸರ ಸೀಳಿದಾಗ ಸಿಪ್ಪೆ ಪಕ್ಕ ಹಳದಿ ರಸ ಬರುತ್ತಲ್ಲ, ಅದನ್ನು ತೊಳೆದುಬಿಡಿ. ಕೆಲವರಿಗೆ ಅದೇ ತುರಿಕೆ ತರುತ್ತೆ. ಕ್ಯಾಲಮೈನ್ ಕೂಡ ಈ ಹಂತದ್ದೇ, ರೋಮ ತೆಗೆಯದೆ ಮೇಲೆ ಬಳಿದರೆ ಅರ್ಧ ಕೆಲಸ.

ಇನ್ನು ನಿಮಗೆ ಬಂದ ಸಲಹೆಗಳು. ಸುಣ್ಣ ಬೇಡವೇ ಬೇಡ. ಒದ್ದೆ ಸುಣ್ಣ ಬಲವಾದ ಕ್ಷಾರ, ಚರ್ಮ ಸುಡುತ್ತದೆ. ಉರಿ ಹೋಯಿತು ಅನ್ನಿಸೋದು ಇನ್ನೊಂದು ಉರಿ ಮೇಲೆ ಬಂದಿದ್ದಕ್ಕೆ. ಡೀಸೆಲ್, ಸೀಮೆಎಣ್ಣೆಯೂ ಬೇಡ, ಅವೂ ಚರ್ಮ ಕೆಡಿಸುತ್ತವೆ. ಹುಣಸೆಹಣ್ಣು ತಂಪಾಗಿದೆ, ಅಂಟೂ ಇದೆ. ಕೆರೆದು ಗಾಯ ಮಾಡಿಕೊಂಡಿಲ್ಲದಿದ್ದರೆ ಹಚ್ಚಿ, ಮಹಾ ಪ್ರಯೋಜನ ಇಲ್ಲದಿದ್ದರೂ ನಷ್ಟವಿಲ್ಲ. ಗಾಯದ ಮೇಲೆ ಬಿದ್ದರೆ ಕುಣಿಸುತ್ತೆ.

ಸಗಣಿ ಬಗ್ಗೆ ಅಜ್ಜಿ ಹತ್ತಿರ ಜಗಳ ಆಡಬೇಡಿ. ಅದು ಒಣಗಿ ಉದುರುವಾಗ ರೋಮ ಹಿಡಿದುಕೊಂಡು ಬರುತ್ತೆ, ಅಷ್ಟು ನಿಜ. ಆದರೆ ಸಗಣಿಯಲ್ಲಿ ಧನುರ್ವಾಯುವಿನ ರೋಗಾಣು ಇರಬಹುದು. ಮಚ್ಚು ಹಿಡಿದು ಮುಳ್ಳು ಸವರಿದ ಕೈಯಲ್ಲಿ ತರಚು ಗಾಯ ಇಲ್ಲದೇ ಇರುತ್ತಾ? ಅದೇ ಕೆಲಸವನ್ನು ರಾಗಿ ಹಿಟ್ಟು ಕಲಸಿ ಮೆತ್ತಿದರೂ ಮಾಡುತ್ತೆ.

ಮಾವಿನ ತೋಪು, ಶ್ರೀನಿವಾಸಪುರ

ಟೀಚರಮ್ಮ ಹೇಳಿದ್ದು ತುರಚೆ ಬಳ್ಳಿಗೆ ಸರಿ. ನಮ್ಮ ಕೋಲಾರದ ಕಡೆ ಇನ್ನೊಂದು ಇದೆ, ನಸುಗುನ್ನಿ. ಜನ ಎರಡನ್ನೂ ಒಂದೇ ಅಂದುಕೊಳ್ತಾರೆ. ನಸುಗುನ್ನಿ ಅವರೆ ಜಾತಿಯ ಬಳ್ಳಿ, ಕಾಯಿ ಮೇಲೆ ಕಂದು ಬಣ್ಣದ ನುಣುಪು ರೋಮ. ಕಾಯಿ ಒಣಗಿದ ಕಾಲದಲ್ಲಿ ಗಾಳಿ ಬೀಸಿದರೆ ಸಾಕು, ಮುಟ್ಟದೇ ಇದ್ದರೂ ಕುತ್ತಿಗೆ ಎಲ್ಲಾ ಕಡಿತ. ಬಟ್ಟೆಗೆ ಹತ್ತಿಕೊಂಡರೆ ಮನೆಯವರಿಗೆಲ್ಲ ಹಂಚಿದ ಹಾಗೆ. ನಮ್ಮಲ್ಲಿ ಅಂಗಿ ಹೊರಗೇ ಬಿಚ್ಚಿಸಿ, ಬೇರೆ ಬಕೆಟ್ಟಿನಲ್ಲಿ ನೆನೆಸಿ, ಆಮೇಲೆ ಒಳಗೆ ಬಿಡ್ತೀವಿ.

ನನ್ನದೊಂದು ಪ್ರಶ್ನೆ. ತುರಚೆಗೆ ಸಿಟ್ರಿಜಿನ್ ಅನ್ನೋ ಅಲರ್ಜಿ ಮಾತ್ರೆ ತಗೊಂಡ್ರೆ ಕಡಿಮೆ ಆಗುತ್ತೆ. ನಸುಗುನ್ನಿಗೆ ನುಂಗಿದರೆ ನಿದ್ದೆ ಬರುತ್ತೆ, ಕಡಿತ ಹೋಗಲ್ಲ. ಯಾಕೆ?

ಮಾವು ಕೀಳುವವರಿಗೆ ಇನ್ನೊಂದು ಮಾತು. ತೊಟ್ಟು ಮುರಿದಾಗ ಚಿಮ್ಮುವ ಸೊನೆಯದ್ದು ಬೇರೆ ಕಥೆ. ಅದು ಸುಟ್ಟ ಹಾಗೆ ಕಪ್ಪು ಕಲೆ ಮಾಡುತ್ತೆ. ಅಲ್ಲಿ ಮುದ್ದೆ, ಟೇಪು ನಡೆಯಲ್ಲ. ತಕ್ಷಣ ಸೋಪು ನೀರು.

ಹಳೇ ಟೀಚರಮ್ಮ, ತುಮಕೂರು

ತೋಪಿನವರೇ, ನಿಮ್ಮ ಅನುಭವ ಸರಿಯಾಗಿದೆ. ನಸುಗುನ್ನಿ ರೋಮದಲ್ಲಿ ಮ್ಯುಕುನೈನ್ ಅನ್ನುವ ಪ್ರೋಟೀನು ಇದೆ. ಅದು ಕಡಿತದ ನರವನ್ನು ನೇರವಾಗಿ ಕೆಣಕುತ್ತದೆ, ಹಿಸ್ಟಮಿನ್ ದಾರಿ ಹಿಡಿಯುವುದಿಲ್ಲ. ಸಿಟ್ರಿಜಿನ್ ತಡೆಯೋದು ಹಿಸ್ಟಮಿನ್ನನ್ನು. ಕಳ್ಳ ಹಿತ್ತಲ ಬಾಗಿಲಿಂದ ಬಂದರೆ ಮುಂಬಾಗಿಲಿಗೆ ಬೀಗ ಹಾಕಿ ಏನು ಪ್ರಯೋಜನ? ಹಾಗಾಗಿ ಅದಕ್ಕೆ ಟೇಪು, ಸೋಪು, ಬಟ್ಟೆ ಬದಲಾಯಿಸೋದು, ಇವೇ ಗತಿ.

ಬೇಲಿ ಪಕ್ಕದವನು, ಕೊರಟಗೆರೆ

ಎಲ್ಲರಿಗೂ ಥ್ಯಾಂಕ್ಸ್. ಮುದ್ದೆ ವಿಷಯ ಅಜ್ಜಿಗೆ ಓದಿ ಹೇಳಿದೆ. "ಅನ್ನ ದೇವ್ರನ್ನ ಕೈಗೆ ಮೆತ್ತೋದಾ?" ಅಂತ ಬೈದರು. ಕಲಸಿದ ಹಿಟ್ಟಾದರೆ ಪರವಾಗಿಲ್ಲವಂತೆ. ನನ್ನ ಕೈಯ ಗಂಟು ಆವತ್ತು ರಾತ್ರಿಯೇ ಇಳಿಯಿತು. ಮಣಿಕಟ್ಟಿನ ಹತ್ತಿರ ಸ್ವಲ್ಪ ಚುಮುಚುಮು ಮರುದಿನವೂ ಇತ್ತು.

ಹುಡುಗನ ಬಗ್ಗೆ ಹೇಳಿ. ಅವನಿಗೆ ತಾಕಿದರೆ ಬೇರೆ ಏನಾದರೂ ನೋಡಬೇಕಾ? ಬೇಲಿಗೆ ಬೆಂಕಿ ಹಾಕಿದರೆ ಒಂದೇ ಸಲ ಮುಗಿಯುತ್ತೆ ಅಂತ ಟ್ರ್ಯಾಕ್ಟರ್ ಹುಡುಗ ಹೇಳ್ತಿದಾನೆ.

ಬೆಟ್ಟ ಹತ್ತುವವ, ಚಿಕ್ಕಬಳ್ಳಾಪುರ

ಆ ಟ್ರ್ಯಾಕ್ಟರ್ ಹುಡುಗನ ಮಾತು ಕೇಳೋದು ಮೊದಲು ಬಿಡಿ ಸಾರ್. ಡೀಸೆಲ್ ಆಯ್ತು, ಈಗ ಬೆಂಕಿ.

ಹಳೇ ಟೀಚರಮ್ಮ, ತುಮಕೂರು

ಬೆಂಕಿ ಬೇಡ. ನಿಮ್ಮ ಹುಣಸೆ ಮರಕ್ಕೂ ಏಟು, ಹೊಗೆ ಕಣ್ಣಿಗೂ ಏಟು. ಬುಡ ಉಳಿದರೆ ಬಳ್ಳಿ ಮುಂದಿನ ಮಳೆಗೆ ಮತ್ತೆ ಚಿಗುರುತ್ತೆ. ಮಳೆ ಬಂದು ಮಣ್ಣು ಮೆತ್ತಗಿರುವಾಗ ಗುದ್ದಲಿಯಿಂದ ಬೇರು ಸಮೇತ ಎತ್ತಿ. ತುಂಬು ತೋಳಿನ ದಪ್ಪ ಅಂಗಿ, ಪ್ಯಾಂಟು, ರಬ್ಬರ್ ಗ್ಲೌಸು. ತೆಳು ಬಟ್ಟೆಯ ಗ್ಲೌಸಿನಲ್ಲಿ ರೋಮ ತೂರಿಬರುತ್ತೆ. ಆ ಗ್ಲೌಸಿನಲ್ಲಿ ಮುಖದ ಬೆವರು ಒರೆಸಿಕೊಳ್ಳಬೇಡಿ. ಜನ ಓಡಾಡದ ಮೂಲೆಯಲ್ಲಿ ಎರಡು ಬಳ್ಳಿ ಉಳಿದರೆ ಉಳಿಯಲಿ. ಕ್ಯಾಸ್ಟರ್ ಚಿಟ್ಟೆಗಳು ಹರಳಿನ ಮೇಲೆ ಮೊಟ್ಟೆ ಇಡುವ ಹಾಗೆ ಇದರ ಮೇಲೂ ಇಡುತ್ತವೆ. ಅವುಗಳ ಹುಳು ಈ ಎಲೆಯನ್ನೇ ಮೇಯುತ್ತೆ, ಅದಕ್ಕೇನೂ ಉರಿಯಲ್ಲ ನೋಡಿ.

ಹುಡುಗನಿಗೆ ಮದ್ದು ನಿಮ್ಮದೇ, ಕ್ರಮವೂ ಅದೇ. ಉಗುರು ಮಾತ್ರ ಹಿಂದಿನ ದಿನವೇ ಕತ್ತರಿಸಿ. ಮಕ್ಕಳಿಗೆ ಉರಿಗಿಂತ ಕೆರೆದ ಗಾಯ ಕೀವಾಗುವುದೇ ಜಾಸ್ತಿ ತೊಂದರೆ. ಮಾತ್ರೆ ಕೊಡಬೇಕು ಅನ್ನಿಸಿದರೆ ನಿಮ್ಮ ಅಳತೆ ಅವನಿಗೆ ಕೊಡಬೇಡಿ, ಡಾಕ್ಟರನ್ನು ಕೇಳಿ. ಕಣ್ಣಿಗೆ ತಾಕಿದರೆ ಉಜ್ಜಲು ಬಿಡದೆ ನೀರು ಹಾಕುತ್ತಲೇ ಆಸ್ಪತ್ರೆಗೆ ಹೋಗಿ. ತುಟಿ, ಮುಖ ಊದಿಕೊಂಡರೆ, ಉಸಿರು ಎಳೆಯೋಕೆ ಕಷ್ಟವಾದರೆ, ತಾಕದ ಜಾಗದಲ್ಲೂ ಮೈಯೆಲ್ಲ ದದ್ದು ಎದ್ದರೆ ಯಾವ ಮನೆಮದ್ದೂ ನೋಡದೆ 108ಕ್ಕೆ ಫೋನ್ ಮಾಡಿ. ಅಪರೂಪ, ಆದರೆ ಆಗುತ್ತೆ. ನಿಮ್ಮ ಧನುರ್ವಾಯು ಇಂಜೆಕ್ಷನ್ ಯಾವಾಗ ಆಗಿದೆ ಅಂತಲೂ ಒಮ್ಮೆ ನೋಡಿಕೊಳ್ಳಿ, ಮಚ್ಚಿನ ಕೆಲಸ ಅಲ್ವಾ.

ಮಾವಿನ ತೋಪು, ಶ್ರೀನಿವಾಸಪುರ

ಹುಡುಗನಿಗೆ ಬೇಲಿ ಕೆಲಸ ಕೊಡಬೇಡಿ. ದೂರದಲ್ಲಿ ನಿಲ್ಲಿಸಿ ಹುಣಸೆಕಾಯಿ ಆರಿಸೋಕೆ ಹಚ್ಚಿ.

ಬೇಲಿ ಪಕ್ಕದವನು, ಕೊರಟಗೆರೆ

ಈಗಿನ್ನೂ ಹೂವು ಸಾರ್. ಕಾಯಿ ಹಣ್ಣಾಗೋಕೆ ಸಂಕ್ರಾಂತಿ ದಾಟಬೇಕು. ಅವನ ಕೈಗೆ ಸೆಲ್ಲೋಟೇಪು ಕೊಟ್ಟು ಬದುವಿನ ಮೇಲೆ ಕೂರಿಸ್ತೀನಿ.