ಅಜ್ಜನ ರೈಫಲ್‌ಗೆ ಹೊಸ ಬಣ್ಣ ಹಾಕಿಸಬೇಕಾ, ಹಾಗೇ ಬಿಡಬೇಕಾ?

ಪ್ರಶ್ನೆ (ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರು):

ನಮಸ್ಕಾರ ಸರ್. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು ರೈಫಲ್ ಇದೆ. ತೋಟ ಮಾರಿ ಇಂಗ್ಲೆಂಡಿಗೆ ಹೊರಟಿದ್ದ ದೊರೆಯೊಬ್ಬರಿಂದ ಅಜ್ಜ ಅದನ್ನು ತೋಟದ ಜೊತೆಗೇ ಕೊಂಡಿದ್ದರಂತೆ. ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಆಗಿದೆ. ನಳಿಗೆ ಮೇಲೆ ಜಾನ್ ರಿಗ್ಬಿ, ಲಂಡನ್ ಅಂತ ಕೆತ್ತಿದ್ದಾರೆ, .275 ಬೋರ್. ಕಪ್ಪು ಬಣ್ಣ ಅಲ್ಲಲ್ಲಿ ಹೋಗಿ ಕಂದಾಗಿದೆ. ಬೋಲ್ಟಿನ (ಗುಂಡು ತುಂಬಲು ಹಿಂದೆ ಮುಂದೆ ಎಳೆಯುವ ಭಾಗ) ಹತ್ತಿರ ಸ್ವಲ್ಪ ಕೆಂಪು ತುಕ್ಕು. ಮರದ ತುಂಬಾ ಗೀರು, ಕೈ ಹಿಡಿಯುವ ಜಾಗ ಎಣ್ಣೆ ಕುಡಿದು ಕಪ್ಪಾಗಿದೆ, ಅದರ ಹಿಂದೆ ಸಣ್ಣ ಬಿರುಕೂ ಇದೆ. ಆಯುಧಪೂಜೆಯೊಳಗೆ ಬಫಿಂಗ್ (ಮೆಶಿನ್ ಚಕ್ರದಲ್ಲಿ ಉಜ್ಜಿ ಹೊಳಪು ತರುವುದು) ಮಾಡಿಸಿ, ಮರಕ್ಕೆ ಪಾಲಿಶ್ ಹೊಡೆಸಿ ಹೊಸದರ ಹಾಗೆ ಮಾಡೋಣ ಅಂತಾರೆ ಚಿಕ್ಕಪ್ಪ. ತಮ್ಮ ಮುಟ್ಟಲೇಬೇಡಿ ಅಂತಾನೆ. ಏನು ಮಾಡಲಿ?

ಉತ್ತರ (ಕೋವಿ ರಿಪೇರಿ ಮಾಡುವವರು, ಚಿಕ್ಕಮಗಳೂರು):

ಮೇಡಂ, ಚಿಕ್ಕಪ್ಪನವರಿಗೆ ನನ್ನ ಕಡೆಯಿಂದ ಕೈಮುಗಿದು ಹೇಳಿ, ಬಫಿಂಗ್ ಬೇಡವೇ ಬೇಡ. ಹಾಗಂತ ತಮ್ಮ ಹೇಳಿದ ಹಾಗೆ ಕೈಕಟ್ಟಿ ಕೂರುವುದೂ ಸರಿಯಲ್ಲ. ಕೆಂಪು ತುಕ್ಕನ್ನು ನಿಲ್ಲಿಸಲೇಬೇಕು, ಬಿರುಕನ್ನು ಕಟ್ಟಿಸಲೇಬೇಕು. ಉಳಿದದ್ದನ್ನು ಇದ್ದ ಹಾಗೇ ಬಿಡಿ.

ಮೊದಲು ಅದರ ಮೇಲೆ ಏನು ಬರೆದಿದೆ ಅಂತ ಓದಿ. ಮ್ಯಾಗಜೀನ್ ಖಾಲಿ ಇದೆಯಾ, ಚೇಂಬರ್ (ನಳಿಗೆಯ ಹಿಂಬದಿಯಲ್ಲಿ ಗುಂಡು ಕೂರುವ ಜಾಗ) ಖಾಲಿ ಇದೆಯಾ ಅಂತ ಎರಡೆರಡು ಸಲ ನೋಡಿ, ಬೋಲ್ಟ್ ತೆಗೆದು ಪಕ್ಕಕ್ಕಿಡಿ. ಒಂದು ಟಾರ್ಚನ್ನು ನಳಿಗೆಗೆ ತಾಗುವಷ್ಟು ಓರೆಯಾಗಿ ಹಿಡಿಯಿರಿ. ಆಗ ಅಕ್ಷರಗಳು ಎದ್ದು ಕಾಣುತ್ತವೆ. ಕೋವಿ ತಯಾರಿಸಿದ ರಿಗ್ಬಿ ಕಂಪನಿಯ ಹೆಸರಿನ ಜೊತೆ ವಿಳಾಸವೂ ಇರುತ್ತದೆ. 72, ಸೇಂಟ್ ಜೇಮ್ಸ್ ಸ್ಟ್ರೀಟ್ ಅಂತಿದ್ದರೆ ಹೆಚ್ಚುಕಡಿಮೆ ಮೊದಲ ಮಹಾಯುದ್ಧಕ್ಕಿಂತ ಹಿಂದಿನದು. ಸ್ಯಾಕ್‌ವಿಲ್ ಸ್ಟ್ರೀಟ್ ಅಂತಿದ್ದರೆ ಆಮೇಲಿನದು. ಮರದ ಹತ್ತಿರ ನಳಿಗೆಯ ಮೇಲೆ ಸಣ್ಣ ಸಣ್ಣ ಠಸ್ಸೆಗಳಿರುತ್ತವೆ. ಕಿರೀಟದ ಕೆಳಗೆ ಹೆಣೆದುಕೊಂಡ ಜಿಪಿ ಅಕ್ಷರ, ಕತ್ತಿ ಹಿಡಿದ ತೋಳಿನ ಕೆಳಗೆ ಎನ್‌ಪಿ, ಹೀಗೆ. ಲಂಡನ್‌ನಲ್ಲಿ ಜಾಸ್ತಿ ಮದ್ದು ತುಂಬಿ ಹಾರಿಸಿ, ನಳಿಗೆ ತಡೆಯುತ್ತದೆ ಅಂತ ಪರೀಕ್ಷೆ ಮಾಡಿ ಹೊಡೆದ ಗುರುತುಗಳು ಅವು.

ಈಗ ಅಕ್ಷರದ ಅಂಚನ್ನು ಬೆರಳ ತುದಿಯಿಂದ ಸವರಿ. ಚೂಪಾಗಿ ತಾಗಿದರೆ, ಠಸ್ಸೆಯ ಸುತ್ತ ಲೋಹ ಚೂರು ಉಬ್ಬಿದ ಹಾಗಿದ್ದರೆ, ಈ ನಳಿಗೆಯನ್ನು ಇದುವರೆಗೆ ಯಾರೂ ಉಜ್ಜಿಲ್ಲ ಅಂತ ಅರ್ಥ. ಅಕ್ಷರ ನುಣ್ಣಗೆ ತೇಲಿದ ಹಾಗಿದ್ದರೆ, ಸ್ಕ್ರೂ ತೂತಿನ ಬಾಯಿ ಬಟ್ಟಲಿನಂತೆ ಒಳಗೆ ಇಳಿದಿದ್ದರೆ, ಯಾವತ್ತೋ ಒಮ್ಮೆ ಬಫಿಂಗ್ ಚಕ್ರಕ್ಕೆ ಹೋಗಿಬಂದಿದೆ. ಸ್ಕ್ರೂಗಳನ್ನೂ ನೋಡಿ. ಒಳ್ಳೆಯ ಇಂಗ್ಲಿಷ್ ಕೆಲಸಗಾರರು ಸ್ಕ್ರೂ ತಲೆಯ ಗೀಟು ನಳಿಗೆಯ ಉದ್ದಕ್ಕೆ ನೇರವಾಗಿ ನಿಲ್ಲುವ ಹಾಗೆ ಕೂರಿಸುತ್ತಿದ್ದರು. ಗೀಟು ಹರಿದು, ಅಡ್ಡಾದಿಡ್ಡಿ ನಿಂತಿದ್ದರೆ ಯಾರೋ ಬಿಚ್ಚಿದ್ದಾರೆ.

ಇದನ್ನು ಇಷ್ಟು ಎಳೆದು ಹೇಳಲು ಕಾರಣ ಇದೆ. ಪಾಲಿಶ್ ಚಕ್ರ ಬರೀ ತುಕ್ಕನ್ನು ತಿನ್ನುವುದಿಲ್ಲ, ಲೋಹವನ್ನೂ ತಿನ್ನುತ್ತದೆ. ಹೆಸರು, ಠಸ್ಸೆ, ನಂಬರ್ ಎಲ್ಲ ಮಾಸುತ್ತದೆ. ಬೆಲೆ ಬೀಳುವುದು ಒಂದು ಕಡೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಕೋವಿಯ ಹೆಸರು, ನಂಬರ್, ಗುರುತುಗಳನ್ನು ಅಳಿಸುವುದು, ತಿದ್ದುವುದು ಅಪರಾಧ. ನಿಮ್ಮ ಲೈಸೆನ್ಸ್ ಪುಸ್ತಕದಲ್ಲಿರುವ ನಂಬರ್ ಕೋವಿಯ ಮೇಲೆ ಕಾಣದಿದ್ದರೆ ನಾಳೆ ಠಾಣೆಯಲ್ಲಿ ಉತ್ತರ ಕೊಡಬೇಕಾದವರು ನೀವು. ಬಫಿಂಗ್ ಮಾಡಿದವನು ಅಲ್ಲ.

ಪ್ರಶ್ನೆ (ಅವರೇ):

ಸರ್, ಹಾಗಾದರೆ ಹೋದ ಕಪ್ಪು ಬಣ್ಣವನ್ನು ವಾಪಸ್ ತರುವ ದಾರಿ ಇಲ್ವಾ? ಕಂದು ಬಣ್ಣ ನೋಡಿದರೆ ತುಕ್ಕು ಹಿಡಿದ ಹಾಗೆ ಕಾಣುತ್ತದೆ. ಆಮೇಲೆ, ಇದಕ್ಕೆ ನಿಜವಾಗಿ ಬೆಲೆ ಇದೆಯಾ?

ಉತ್ತರ:

ಆ ಕಪ್ಪು ಬಣ್ಣವೂ ಒಂದು ಥರದ ತುಕ್ಕೇ. ಆ ಕಾಲದ ಲಂಡನ್ ಕೆಲಸಗಾರರು ನಳಿಗೆಗೆ ದ್ರಾವಣ ಹಚ್ಚಿ ಬೇಕಂತಲೇ ತೆಳ್ಳಗೆ ಕೆಂಪು ತುಕ್ಕು ಬರಿಸುತ್ತಿದ್ದರು. ಆಮೇಲೆ ಕುದಿಯುವ ನೀರಿನಲ್ಲಿ ಮುಳುಗಿಸಿದರೆ ಕೆಂಪು ಹೋಗಿ ಕಪ್ಪಾಗುತ್ತದೆ. ಮೇಲಿನ ಪುಡಿಯನ್ನು ಮೆತ್ತಗೆ ಬ್ರಷ್ ಮಾಡಿ ತೆಗೆದು, ಮತ್ತೆ ಹಚ್ಚಿ, ಮತ್ತೆ ಕುದಿಸಿ, ಹೀಗೆ ಪದರ ಪದರವಾಗಿ ಬಣ್ಣ ಕಟ್ಟುತ್ತಿದ್ದರು. ದಿನಗಟ್ಟಲೆ ಹಿಡಿಯುವ ಕೆಲಸ. ಈಗ ಸುಲಭಕ್ಕೆ ಮಾಡುವುದು ಕಾಸ್ಟಿಕ್ ಸೋಡಾ ಕುದಿಸಿದ ತೊಟ್ಟಿಯ ಬ್ಲೂಯಿಂಗ್, ಅಂದರೆ ಲೋಹಕ್ಕೆ ಕಪ್ಪು ಬಣ್ಣ ಕಟ್ಟುವ ಕೆಲಸ. ಅದು ಪಳಪಳ ಅನ್ನುವ ಬೇರೆಯದೇ ಬಣ್ಣ. ಗೊತ್ತಿರುವವರು ದೂರದಿಂದಲೇ ಗುರುತು ಹಿಡಿಯುತ್ತಾರೆ. ಜೊತೆಗೆ ಮೆದು ಬೆಸುಗೆಯನ್ನು ಕಾಸ್ಟಿಕ್ ತಿನ್ನುತ್ತದೆ. ಮುಂದಿನ ಸೈಟು ಬೆಸುಗೆಯಲ್ಲಿ ನಿಂತಿದ್ದರೆ ಅದು ಸಡಿಲ ಆಗುತ್ತದೆ. ಜೋಡು ನಳಿಗೆ ಕೋವಿಯನ್ನಂತೂ ಆ ತೊಟ್ಟಿಗೆ ಇಳಿಸಲೇಬಾರದು.

ಕಂದು ಬಣ್ಣ ಸತ್ತ ತುಕ್ಕೋ ಜೀವ ಇರುವ ತುಕ್ಕೋ ಅಂತ ಹೀಗೆ ನೋಡಿ. ಬಿಳಿ ಹತ್ತಿ ಬಟ್ಟೆಗೆ ತೆಳು ಗನ್ ಆಯಿಲ್ ಹಾಕಿ ಒರೆಸಿ. ಒಂದು ದಿನ ಬಿಟ್ಟು ಹೊಸ ಬಟ್ಟೆಯಲ್ಲಿ ಮತ್ತೆ ಒರೆಸಿ. ಎರಡನೇ ಬಟ್ಟೆ ಸ್ವಚ್ಛವಾಗಿ ಬಂದರೆ ಆ ಕಂದನ್ನು ಬಿಟ್ಟುಬಿಡಿ. ಅದು ಗಟ್ಟಿಯಾಗಿ ಕೂತಿದೆ, ಎಣ್ಣೆ ಇದ್ದರೆ ಬೆಳೆಯುವುದಿಲ್ಲ. ಪ್ರತಿ ಸಲವೂ ಕೆಂಪು ಪುಡಿ ಹತ್ತಿದರೆ ಅದು ಇನ್ನೂ ತಿನ್ನುತ್ತಿದೆ. ಬೋಲ್ಟಿನ ಹತ್ತಿರ ನೀವು ಹೇಳಿದ್ದು ಈ ಥರದ್ದೇ ಇರಬೇಕು. ಅಲ್ಲಿಗೆ ಎಣ್ಣೆ ಹಾಕಿ ರಾತ್ರಿ ನೆನೆಯಲು ಬಿಡಿ. ಬೆಳಿಗ್ಗೆ ಅತಿ ನವಿರಾದ ಸ್ಟೀಲ್ ವುಲ್ ಅನ್ನು ಎಣ್ಣೆಯಲ್ಲೇ ಅದ್ದಿ, ತುಕ್ಕಿನ ಮೇಲೆ ಮಾತ್ರ, ಒತ್ತದೆ ಆಡಿಸಿ. ಅಂಗಡಿಯಲ್ಲಿ ನಾಲ್ಕು ಸೊನ್ನೆ ನಂಬರಿನದು ಅಂತ ಕೇಳಿ. ಪಾತ್ರೆ ತೊಳೆಯುವ ಸ್ಟೀಲ್ ನಾರು, ಉಪ್ಪು ಕಾಗದ, ಹುಣಸೆಹಣ್ಣು ಯಾವುದೂ ಹತ್ತಿರ ಬರಬಾರದು. ತುಕ್ಕು ಜಾಸ್ತಿ ಇದ್ದರೆ ನಳಿಗೆಯನ್ನು ಮರದಿಂದ ಬಿಡಿಸಿ ಶುದ್ಧ ನೀರಿನಲ್ಲಿ ಕುದಿಸಿದರೆ ಕೆಂಪೇ ಕಪ್ಪಾಗುತ್ತದೆ. ಹೋದ ಬಣ್ಣ ಸ್ವಲ್ಪ ವಾಪಸ್ ಬರುವ ದಾರಿ ಇದೊಂದೇ, ಲೋಹವೂ ಸವೆಯುವುದಿಲ್ಲ. ಮನೆಯಲ್ಲಿ ಮಾಡಬೇಡಿ, ಲೈಸೆನ್ಸ್ ಇರುವ ರಿಪೇರಿಯವರ ಕೈಗೆ ಕೊಡಿ.

ಬೆಲೆ ಬಗ್ಗೆ. 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದಿದ್ದಕ್ಕೆ ಜಿಮ್ ಕಾರ್ಬೆಟ್‌ಗೆ ಉಡುಗೊರೆ ಸಿಕ್ಕಿದ್ದು ಇದೇ ಥರದ ಒಂದು ರಿಗ್ಬಿ .275. ಅದು ಅವರದ್ದೇ ಅಂತ ಹೇಳುವುದು ಮರಕ್ಕೆ ಕೂರಿಸಿದ ಒಂದು ಸಣ್ಣ ಬೆಳ್ಳಿ ಫಲಕ. ನಿಮ್ಮದರ ಮರದ ಕೆಳಗಡೆಯೂ ಒಂದು ಚಿಕ್ಕ ಮೊಟ್ಟೆಯಾಕಾರದ ತಗಡು ಇದೆಯಾ ನೋಡಿ. ಅದರ ಮೇಲೆ ಆ ದೊರೆಯ ಹೆಸರಿನ ಮೊದಲಕ್ಷರಗಳು ಇರಬಹುದು. ರಿಗ್ಬಿ ಕಂಪನಿಯ ಹಳೆಯ ಲೆಡ್ಜರ್‌ಗಳು ಇವತ್ತಿಗೂ ಉಳಿದಿವೆ. ನಂಬರ್ ಬರೆದು ಕಳಿಸಿದರೆ ಯಾವಾಗ, ಯಾರಿಗೆ ಮಾರಿದ್ದು ಅಂತ ಹುಡುಕಿಸಬಹುದು. ನಿಮ್ಮ ತೋಟದ ಹಳೇ ಕಾಗದಪತ್ರದಲ್ಲಿರುವ ಹೆಸರಿಗೂ ಆ ಲೆಡ್ಜರಿನ ಹೆಸರಿಗೂ ತಾಳೆಯಾದರೆ, ಅದಕ್ಕಿಂತ ದೊಡ್ಡ ಬೆಲೆ ಯಾವ ಪಾಲಿಶ್‌ನಿಂದಲೂ ಬರುವುದಿಲ್ಲ. ಸಂಗ್ರಹಕಾರರು ಕೊಡುವುದು ಮೂಲ ಬಣ್ಣಕ್ಕೆ. ಅದು ಅರ್ಧ ಹೋಗಿದ್ದರೂ ಪರವಾಗಿಲ್ಲ.

ಮರದ ವಿಷಯ ಚಿಕ್ಕದು. ಆಚಾರರನ್ನು ಕರೆಸಿ ಉಪ್ಪು ಕಾಗದ ಹೊಡೆಸಿದರೆ ಹಿಡಿಯ ಮೇಲಿನ ಚೌಕುಳಿ ಗೀಟು ಸಪಾಟಾಗುತ್ತದೆ, ಮರ ತಗ್ಗಿ ಲೋಹದ ಅಂಚು ಎದ್ದು ನಿಲ್ಲುತ್ತದೆ. ಮೇಲಿಂದ ಪಿಯು ಪಾಲಿಶ್ ಹೊಡೆದರೆ ಡೈನಿಂಗ್ ಟೇಬಲ್ ಥರ ಕಾಣುತ್ತದೆ. ಮೂಲದಲ್ಲಿ ಅದು ಅಗಸೆ ಎಣ್ಣೆಯನ್ನು ಕೈಯಲ್ಲಿ ತಿಕ್ಕಿ ತಂದ ಹೊಳಪು. ಗೀರು ಹಾಗೇ ಇರಲಿ. ಬಿರುಕಿಗೆ ಮಾತ್ರ ಒಳಗಿನಿಂದ ಅಂಟು ಹಾಕಿಸಿ, ಹೊರಗೆ ಕಾಣದ ಹಾಗೆ. ಅದು ಆಗುವವರೆಗೆ ಒಂದು ಈಡೂ ಹಾರಿಸಬೇಡಿ.

ಸದಸ್ಯರೊಬ್ಬರು (ಸಕಲೇಶಪುರ):

ಅಣ್ಣ, ನಾವು ಕೊಬ್ಬರಿ ಎಣ್ಣೆ ಹಚ್ಚಿ ಇಡ್ತೀವಿ, ಸಾಕಲ್ವಾ? ಮಳೆಗಾಲ ಮುಗಿಯುವಷ್ಟರಲ್ಲಿ ಬೂಸ್ಟು ಬಂದಿರುತ್ತೆ. ಚುನಾವಣೆ ಬಂತು ಅಂದರೆ ಠಾಣೆಗೆ ಬೇರೆ ಡೆಪಾಸಿಟ್ ಮಾಡಬೇಕು. ಇನ್ನೊಂದು, ಅಟ್ಟದ ಮೇಲೆ ಮುತ್ತಾತನ ಕೇಪಿನ ಕೋವಿ (ಬಾಯಿಂದ ಮದ್ದು ತುಂಬುವ ಹಳೇ ಕೋವಿ) ಇದೆ. ಅದನ್ನೂ ಹಾಗೇ ಇಡಬೇಕಾ?

ಉತ್ತರ:

ಕೊಬ್ಬರಿ ಎಣ್ಣೆ ಬೇಡ ತಮ್ಮಾ. ಡಿಸೆಂಬರ್ ಚಳಿಗೆ ಹೆಪ್ಪುಗಟ್ಟುತ್ತದೆ, ಆಮೇಲೆ ಹಳಸಿ ಜಿಗುಟಾಗಿ ಧೂಳು ಹಿಡಿಯುತ್ತದೆ. ಗನ್ ಆಯಿಲ್ ಸಾಕು, ಅದೂ ತೆಳ್ಳಗೆ. ಎಣ್ಣೆ ಜಾಸ್ತಿಯಾದರೆ ಮರಕ್ಕೆ ಇಳಿದು ಅದನ್ನು ಕಪ್ಪಗೆ, ಮೆತ್ತಗೆ ಮಾಡುತ್ತದೆ. ಮೇಲೆ ಕೇಳಿದ ಮೇಡಂ ಅವರ ಕೋವಿಯ ಕಪ್ಪು, ಬಿರುಕು ಎರಡೂ ಹೀಗೇ ಬಂದಿರಬೇಕು. ಎಣ್ಣೆ ಹಾಕಿದ ಮೇಲೆ ಕೆಲವು ದಿನ ನಳಿಗೆ ಬಾಯಿ ಕೆಳಗೆ ಮಾಡಿ ನಿಲ್ಲಿಸಿ. ಉಣ್ಣೆ ಒಳಪದರ ಇರುವ ಚರ್ಮದ ಬ್ಯಾಗಿನಲ್ಲಿ ಮಳೆಗಾಲ ಪೂರ್ತಿ ಇಟ್ಟರೆ ತೇವ ಹಿಡಿದೇ ಹಿಡಿಯುತ್ತದೆ. ಬೀಗ ಇರುವ ಬೀರುವಿನಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಠಾಣೆಗೆ ಕೊಡುವ ಹಿಂದಿನ ದಿನ ಎಣ್ಣೆ ಒರೆಸಿ, ಲೋಹಕ್ಕೆ ಮೈಕ್ರೋಕ್ರಿಸ್ಟಲೈನ್ ವ್ಯಾಕ್ಸ್ (ಒಂದು ಥರದ ಮೇಣ) ತೆಳ್ಳಗೆ ಹಚ್ಚಿ. ಬೇರೆಯವರ ಕೈ ಬೆವರು ತಾಗಿದರೂ ತಡೆಯುತ್ತದೆ. ನಂಬರಿನ ಫೋಟೊ, ರಸೀದಿ ನಿಮ್ಮ ಹತ್ತಿರ ಇರಲಿ.

ಆಯುಧಪೂಜೆ ದಿನ ಅರಿಶಿನ, ಕುಂಕುಮವನ್ನು ನೇರ ಲೋಹಕ್ಕೆ ಹಚ್ಚಬೇಡಿ. ಒದ್ದೆ ಕುಂಕುಮ ಒಂದು ವಾರ ಹಾಗೇ ಕೂತರೆ ಅದರಡಿ ಚುಕ್ಕೆ ಚುಕ್ಕೆಯಾಗಿ ಗುಳಿ ಬೀಳುತ್ತದೆ. ಹೂವಿಗೋ ಸುತ್ತಿದ ಬಟ್ಟೆಗೋ ಇಟ್ಟು, ಸಂಜೆಯೇ ತೆಗೆದುಬಿಡಿ.

ಕೇಪಿನ ಕೋವಿ ಬಗ್ಗೆ ಗಮನ ಕೊಟ್ಟು ಕೇಳಿ. ಅದರಲ್ಲಿ ಹಳೇ ಮದ್ದು, ಚರೆ ಇನ್ನೂ ಇರಬಹುದು. ಹಿಂದಿನವರು ತುಂಬಿಸಿಟ್ಟು ಹಾಗೇ ಬಿಟ್ಟುಬಿಡುತ್ತಿದ್ದರು. ಕುದುರೆ (ಗುಂಡು ಹಾರಿಸುವ ಕೊಂಡಿ) ಎಳೆಯಬೇಡಿ, ಮೂತಿಯನ್ನು ಯಾರ ಕಡೆಗೂ ತಿರುಗಿಸಬೇಡಿ. ಮೂತಿಯಿಂದ ಸ್ವಲ್ಪ ಪಕ್ಕಕ್ಕೆ ನಿಂತು ಒಂದು ಮರದ ಕೋಲನ್ನು ಮೆಲ್ಲಗೆ ಒಳಗೆ ಇಳಿಸಿ, ಬಾಯಿ ಹತ್ತಿರ ಗುರುತು ಮಾಡಿ. ಅದೇ ಕೋಲನ್ನು ನಳಿಗೆಯ ಹೊರಗೆ ಹಿಡಿದು ನೋಡಿ. ಕೋಲು ಕೇಪು ಕೂರುವ ಜಾಗದ ತನಕ ಹೋಗದೆ ಮೂರು ನಾಲ್ಕು ಇಂಚು ಮೊದಲೇ ನಿಂತಿದ್ದರೆ ಒಳಗೆ ಈಡಿದೆ ಅಂತ ಲೆಕ್ಕ. ಅಲ್ಲಿಗೆ ನಿಲ್ಲಿಸಿ, ರಿಪೇರಿಯವರನ್ನು ಕರೆಸಿ. ಹಳೇದು ಅಂದ ಮಾತ್ರಕ್ಕೆ ಲೈಸೆನ್ಸ್ ಬೇಡ ಅಂತಲೂ ಅಂದುಕೊಳ್ಳಬೇಡಿ. ರಿಪೇರಿ ಮಾಡಿದರೂ ಹಾರಿಸಲು ಬಾರದ ಸ್ಥಿತಿಯಲ್ಲಿದ್ದರೆ ಮಾತ್ರ ಕಾಯ್ದೆಯಲ್ಲಿ ವಿನಾಯಿತಿ.

ಪ್ರಶ್ನೆ (ಮೂಡಿಗೆರೆಯವರೇ):

ಸರ್, ಟಾರ್ಚ್ ಹಿಡಿದು ನೋಡಿದೆವು. ನಳಿಗೆಯ ಅಕ್ಷರ ಚೂಪಾಗಿದೆ. 72, ಸೇಂಟ್ ಜೇಮ್ಸ್ ಸ್ಟ್ರೀಟ್ ಅಂತಲೇ ಇದೆ. ಚಿಕ್ಕಪ್ಪ ಈಗ ಅವರ ಹಳೇ ಒಂಟಿ ನಳಿಗೆ ಕೋವಿ ಬಗ್ಗೆ ಕೇಳ್ತಿದ್ದಾರೆ. ಅದಕ್ಕೆ ಆಗಲೇ ಒಮ್ಮೆ ಬಫಿಂಗ್ ಆಗಿ, ಬಣ್ಣ ಪೂರ್ತಿ ಹೋಗಿದೆ. ದಿನಾ ತೋಟಕ್ಕೆ ಒಯ್ಯುವ ಕೋವಿ.

ಉತ್ತರ:

ಬಹಳ ಸಂತೋಷ ಆಯಿತು ಮೇಡಂ. ರಿಗ್ಬಿಯನ್ನು ಲೈಸೆನ್ಸ್ ಜೊತೆ ತನ್ನಿ, ಬಿರುಕು ಮತ್ತು ಬೋಲ್ಟಿನ ತುಕ್ಕು ಎರಡನ್ನೂ ನಿಮ್ಮೆದುರಿಗೇ ನೋಡೋಣ. ಚಿಕ್ಕಪ್ಪನವರ ಕೋವಿಗೆ ಧಾರಾಳವಾಗಿ ಹೊಸ ಬ್ಲೂಯಿಂಗ್ ಮಾಡಿಸಬಹುದು. ಮೂಲ ಬಣ್ಣ ಹೋಗಿದೆ, ಬೋಳು ಲೋಹ ಮಳೆಗೆ ಒಡ್ಡಿಕೊಂಡಿದೆ, ಅದಕ್ಕೆ ಹೊದಿಕೆ ಬೇಕೇ ಬೇಕು. ಇನ್ನೊಂದು ಸಲ ಚಕ್ರಕ್ಕೆ ಕೊಡದೆ, ಕೈಯಲ್ಲೇ ಸ್ವಚ್ಛ ಮಾಡಿ, ನಂಬರ್ ಇರುವ ಜಾಗವನ್ನು ಉಜ್ಜದೆ ಬಿಟ್ಟು ಬಣ್ಣ ಕಟ್ಟಿದರಾಯಿತು. ಮಳೆ ಹಿಡಿಯುವ ಮೊದಲೇ ತರಲು ಹೇಳಿ.