‘...ಆ್ಯಂಡ್ ಜಸ್ಟಿಸ್ ಫಾರ್ ಆಲ್’: ರೀಮಾಸ್ಟರ್ ಆದಮೇಲೂ ಬೇಸ್ ಯಾಕೆ ಕೇಳಿಸಲ್ಲ?

ತಂತಿನಾದ:
ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾದ ಈ 1988ರ ಆಲ್ಬಮ್ಮಿನ ಹಳೇ ಸಿ.ಡಿ. ಮತ್ತು 2018ರ ರೀಮಾಸ್ಟರ್ (ಸದ್ದನ್ನು ಹದಮಾಡಿ ಮತ್ತೆ ಹೊರತಂದ ಪ್ರತಿ) ಎರಡರಲ್ಲೂ ಜೇಸನ್ ನ್ಯೂಸ್ಟೆಡ್ ಅವರ ಬೇಸ್ ಗಿಟಾರ್ ಇದ್ದೂ ಇಲ್ಲದ ಹಾಗಿದೆ. ಅದೇ ಹೆಡ್‌ಫೋನಿನಲ್ಲಿ ಅವರ ಹಿಂದಿನ ಆಲ್ಬಮ್ ‘ಮಾಸ್ಟರ್ ಆಫ್ ಪಪೆಟ್ಸ್’ ಹಾಕಿದರೆ ಆಗಿನ ಬೇಸ್ ವಾದಕ ಕ್ಲಿಫ್ ಬರ್ಟನ್ ಅವರ ಬೇಸ್ ಚೆನ್ನಾಗಿಯೇ ಕೇಳುತ್ತದೆ. ರೀಮಾಸ್ಟರ್‌ನಲ್ಲಿ ಇದನ್ನು ಸರಿಮಾಡಬಹುದಿತ್ತಲ್ಲವೇ? ಮನೆಯಲ್ಲೇ ಈಕ್ಯೂ (ಈಕ್ವಲೈಸರ್, ಆಯ್ದ ಕಂಪನಾಂಕಗಳನ್ನು ಏರಿಳಿಸುವ ಸಾಧನ) ಹಾಕಿ ಬೇಸ್ ಎತ್ತಲು ದಾರಿ ಇದೆಯೇ? ಇಂಥ ಸದ್ದಿನ ಆಲ್ಬಮ್ಮನ್ನು ಆಗ ಜನ ಹೇಗೆ ಒಪ್ಪಿಕೊಂಡರು?

ಫೇಡರ್:
ಹೆಡ್‌ಫೋನಿನ ತಪ್ಪಲ್ಲ. ಮಾಸ್ಟರಿಂಗ್ ನಡೆಯುವುದು ಎಲ್ಲ ವಾದ್ಯಗಳನ್ನು ಬೆರೆಸುವ ಮಿಕ್ಸ್ ಮುಗಿದ ಎಡ-ಬಲ ಎರಡು ಚಾನೆಲ್‌ಗಳ ಮೇಲೆ. ಅಲ್ಲಿ ಒಂದೇ ವಾದ್ಯವನ್ನು ಹಿಡಿದು ಮೇಲೆತ್ತಲು ಬರುವುದಿಲ್ಲ. ಬೇಸ್ ಏರಬೇಕಾದರೆ ವಾದ್ಯಗಳು ಬೇರೆಬೇರೆಯಾಗಿರುವ ಮೂಲ ಮಲ್ಟಿಟ್ರ್ಯಾಕ್ ಟೇಪಿನಿಂದ ರೀಮಿಕ್ಸ್ ಆಗಬೇಕು, 2018ರಲ್ಲಿ ಅದನ್ನು ಮಾಡಲಿಲ್ಲ.

ಇನ್ನು ಬೇಸ್ ಮುಳುಗಿದ್ದು ಹೇಗೆ ಅಂದರೆ, ಕಾರಣ ಒಂದೇ ಅಲ್ಲ. ರೆಕಾರ್ಡಿಂಗ್ ನಡೆದದ್ದು ಲಾಸ್ ಏಂಜಲೀಸ್‌ನ ಒನ್ ಆನ್ ಒನ್ ಸ್ಟುಡಿಯೋದಲ್ಲಿ. ಮೊದಲು ನಿರ್ಮಾಪಕ ಮೈಕ್ ಕ್ಲಿಂಕ್ ಜತೆ ಶುರುವಾಗಿ, ಹೊಂದದೆ, ಫ್ಲೆಮಿಂಗ್ ರಾಸ್ಮುಸೆನ್ ಬಂದರು. ಮಿಕ್ಸ್ ಮಾಡಿದವರು ಸ್ಟೀವ್ ಥಾಂಪ್ಸನ್ ಮತ್ತು ಮೈಕಲ್ ಬಾರ್ಬಿಯೇರೊ, ನ್ಯೂಯಾರ್ಕ್ ರಾಜ್ಯದ ಬೇರ್ಸ್‌ವಿಲ್‌ನಲ್ಲಿ. ಆ ಹೊತ್ತಿಗೆ ಬ್ಯಾಂಡ್ ‘ಮಾನ್‌ಸ್ಟರ್ಸ್ ಆಫ್ ರಾಕ್’ ಪ್ರವಾಸದಲ್ಲಿತ್ತು. ಕಛೇರಿಗಳ ಅಬ್ಬರದಿಂದ ದಣಿದ ಕಿವಿಗೆ ಮೇಲಿನ ಸ್ವರಗಳು ಮಂದವಾಗಿ ಕೇಳುತ್ತವೆ, ಆಗ ಕೈ ತಾನಾಗಿ ಟ್ರೆಬಲ್ ಕಡೆ ಹೋಗುತ್ತದೆ. ಬೇಸನ್ನು ಕೇಳಿಯೂ ಕೇಳದಷ್ಟು ಇಳಿಸಿ, ಆಮೇಲೆ ಇನ್ನೂ ಐದಾರು ಡೆಸಿಬಲ್ ತಗ್ಗಿಸಲು ಬ್ಯಾಂಡಿನ ಡ್ರಮ್ಮರ್ ಲಾರ್ಸ್ ಉಲ್ರಿಕ್ ಹೇಳಿದ್ದರು ಎಂದು ಥಾಂಪ್ಸನ್ ಮುಂದೆ ಸಂದರ್ಶನದಲ್ಲಿ ಹೇಳಿದ್ದಾರೆ.

ಅಷ್ಟೇ ಮುಖ್ಯವಾದದ್ದು ನುಡಿಸಿದ ರೀತಿ. ಬರ್ಟನ್ ಗಿಟಾರನ್ನು ಹಿಂಬಾಲಿಸದೆ ಸ್ವಂತ ದಾರಿ ಹಿಡಿಯುತ್ತಿದ್ದರು. ಇಲ್ಲಿ ನ್ಯೂಸ್ಟೆಡ್ ಹೆಚ್ಚಿನ ಕಡೆ ಗಾಯಕ-ಗಿಟಾರ್ ವಾದಕ ಜೇಮ್ಸ್ ಹೆಟ್‌ಫೀಲ್ಡ್ ಅವರ ರಿಫ್ಫನ್ನೇ (ಮರುಕಳಿಸುವ ಗಿಟಾರ್ ತುಣುಕನ್ನೇ) ಹಿಂಬಾಲಿಸುತ್ತಾರೆ. ಬೇಸಿನ ಕೆಳಗಿನ ‘ಇ’ ತಂತಿ 41 ಹರ್ಟ್ಸ್, ಅದರ ಎರಡನೇ ಹಾರ್ಮಾನಿಕ್ (ಎರಡರಷ್ಟು ಕಂಪನಾಂಕದ ಉಪಸ್ವರ) 82. ಗಿಟಾರಿನ ಕೆಳಗಿನ ‘ಇ’ ಕೂಡ 82. ಒಂದೇ ರಿಫ್ಫನ್ನು ಇಬ್ಬರೂ ಹಿಡಿದಾಗ ಜೋರಾಗಿರುವವರು ಇನ್ನೊಬ್ಬರನ್ನು ನುಂಗುತ್ತಾರೆ. ಮಧ್ಯದ ಕಂಪನಾಂಕಗಳನ್ನು ಕೊರೆದು ತೆಗೆದು, ತಗ್ಗು ಉಳಿಸಿಕೊಂಡ ಹೆಟ್‌ಫೀಲ್ಡ್ ಟೋನ್ ಕೂತಿರುವುದೂ ಅದೇ ಜಾಗದಲ್ಲಿ.

ಕಪ್ಪುತಟ್ಟೆ:
ಈಕ್ಯೂ ವಿಷಯಕ್ಕೆ ಬರೋಣ. ಸುಮ್ಮನೆ 80 ಹರ್ಟ್ಸ್ ಏರಿಸಬೇಡಿ. ಅಲ್ಲಿ ಏರುವುದು ಗಿಟಾರಿನ ಪಾಮ್ ಮ್ಯೂಟ್ (ಅಂಗೈಯಿಂದ ತಂತಿ ಒತ್ತಿ ನುಡಿಸುವುದು) ಗುಮ್ಮು ಮತ್ತು ಕಿಕ್ ಡ್ರಮ್, ಬೇಸ್ ಇದ್ದಲ್ಲೇ ಇರುತ್ತದೆ. ಮಿಡ್-ಸೈಡ್ ಸೌಲಭ್ಯ ಇರುವ, ಅಂದರೆ ನಡುವಿನ ಸದ್ದನ್ನೂ (ಮಿಡ್) ಎಡ-ಬಲದ ಅಂಚಿನ ಸದ್ದನ್ನೂ (ಸೈಡ್) ಬೇರೆಬೇರೆ ತಿದ್ದುವ ಈಕ್ಯೂ ಬೇಕು.

ಮೊದಲು ಒಟ್ಟು ಮಟ್ಟವನ್ನು 5 ಡೆಸಿಬಲ್ ಇಳಿಸಿ, ಇಲ್ಲದಿದ್ದರೆ ಮಟ್ಟ ಮಿತಿ ಮೀರಿ ಸದ್ದು ಒಡೆಯುತ್ತದೆ (ಕ್ಲಿಪ್ ಆಗುತ್ತದೆ). ಮಿಡ್ ಚಾನೆಲ್‌ನಲ್ಲಿ ಮಾತ್ರ 50-60 ಹರ್ಟ್ಸ್ ಸುತ್ತ 3-4 ಡೆಸಿಬಲ್ ಏರಿಸಿ. ಸೈಡ್ ಚಾನೆಲ್‌ನಲ್ಲಿ 120 ಹರ್ಟ್ಸ್‌ಗಿಂತ ಕೆಳಗೆ 2-3 ಡೆಸಿಬಲ್ ಕಡಿಮೆ ಮಾಡಿ, ಎಡ-ಬಲದ ಗಿಟಾರ್‌ಗಳು ಸ್ವಲ್ಪ ಜಾಗ ಬಿಡುತ್ತವೆ. ಕಿಕ್ಕಿನ ಟಕ್ ಟಕ್ ಸದ್ದು ಚುಚ್ಚುತ್ತಿದ್ದರೆ 4 ಕಿಲೋಹರ್ಟ್ಸ್ ಆಸುಪಾಸು 2 ಡೆಸಿಬಲ್ ತೆಗೆಯಿರಿ. ಅದಕ್ಕಿಂತ ಹೆಚ್ಚು ತೆಗೆದರೆ ಹೆಟ್‌ಫೀಲ್ಡ್ ಧ್ವನಿಯ ಮೇಲೆ ಕಂಬಳಿ ಹೊದಿಸಿದಂತಾಗುತ್ತದೆ.

ಗಿಟಾರ್ ಮಿಡ್‌ನಲ್ಲೂ ಸೋರುತ್ತದೆ, ಹಾಗಾಗಿ ಪವಾಡ ನಿರೀಕ್ಷಿಸಬೇಡಿ. ‘ಒನ್’ ಹಾಡಿನ ಆರಂಭದಂಥ ಡಿಸ್ಟಾರ್ಷನ್ ಇಲ್ಲದ ಭಾಗದಲ್ಲಿ ಪರೀಕ್ಷಿಸಿ. ಅಲ್ಲಿ ಬೇಸನ್ನು ಮುಚ್ಚುವ ಗಿಟಾರ್ ಗೋಡೆ ಇಲ್ಲ.

ನ್ಯೂಸ್ಟೆಡ್ ನಿಜಕ್ಕೂ ಏನು ನುಡಿಸಿದರು ಅನ್ನುವ ಕುತೂಹಲವಿದ್ದರೆ 2009ರ ‘ಗಿಟಾರ್ ಹೀರೋ: ಮೆಟಾಲಿಕಾ’ ಆಟದಿಂದ ಹೊರಬಂದ ಬಿಡಿ ಟ್ರ್ಯಾಕ್‌ಗಳಿವೆ, ‘ಒನ್’, ‘ಡೈಯರ್ಸ್ ಈವ್’ ಅದರಲ್ಲಿ ಸೇರಿವೆ. ಅಭಿಮಾನಿಗಳು ‘ಆ್ಯಂಡ್ ಜಸ್ಟಿಸ್ ಫಾರ್ ಜೇಸನ್’ ಹೆಸರಲ್ಲಿ ಬೇಸ್ ಏರಿಸಿದ ರೂಪಗಳನ್ನೂ ಮಾಡಿದ್ದಾರೆ. ಆದರೆ ಅವುಗಳಲ್ಲಿ ಕೆಲವು ಬೇರೆಯವರು ಹೊಸದಾಗಿ ನುಡಿಸಿ ಸೇರಿಸಿದ ಬೇಸ್, ನೋಡಿಕೊಂಡು ಕೇಳಿ.

ತಂತಿನಾದ:
ಮಿಡ್-ಸೈಡ್ ಪ್ರಯೋಗಿಸಿದೆ, ‘ಒನ್’ ಆರಂಭದಲ್ಲಿ ವ್ಯತ್ಯಾಸ ಗೊತ್ತಾಯಿತು. ವಿನೈಲ್‌ಗೆ ಹಿಡಿಸಲೆಂದು ಬೇಸ್ ಕಡಿತ ಮಾಡಿದರು ಅನ್ನುವ ಮಾತಿದೆಯಲ್ಲ, ಅದು?

ಫೇಡರ್:
ನಿಲ್ಲದ ವಾದ. ದಪ್ಪ ಬೇಸ್‌ಗೆ ತಟ್ಟೆಯಲ್ಲಿ ಅಗಲ ಗ್ರೂವ್ (ಗೀರು) ಬೇಕು, ಹಾಗಾಗಿ ಒಂದು ಬದಿ ಉದ್ದವಾದಷ್ಟೂ ಮಟ್ಟ ಇಳಿಸಬೇಕು, ಅಷ್ಟು ನಿಜ. ಆದರೆ 65 ನಿಮಿಷದ ಈ ಆಲ್ಬಮ್ ಎರಡು ತಟ್ಟೆಯಲ್ಲಿ ಬಂತು, ಬದಿಗೆ ಸರಾಸರಿ 16 ನಿಮಿಷ. ಜಾಗ ಬೇಕಾದಷ್ಟಿತ್ತು. ಸಿ.ಡಿ.ಗೆ ಆ ಮಿತಿಯೇ ಇಲ್ಲ, ಅಲ್ಲೂ ಬೇಸ್ ಇಲ್ಲ.

ಒಂಬತ್ತುಹಾಡು:
ಮೂರನೇ ಪ್ರಶ್ನೆ ಹಾಗೇ ಉಳಿಯಿತು. ಜನ ಒಪ್ಪಿದ್ದು ಸದ್ದಿಗಾಗಿ ಅಲ್ಲ, ಹಾಡುಗಳ ಕಟ್ಟಡಕ್ಕಾಗಿ. ಬಿಲ್‌ಬೋರ್ಡ್ 200ರಲ್ಲಿ 6ನೇ ಸ್ಥಾನ, ಅಮೆರಿಕದಲ್ಲಿ ಮುಂದೆ 80 ಲಕ್ಷ ಪ್ರತಿಗಳ ಪ್ರಮಾಣಪತ್ರ. ಬ್ಯಾಂಡಿನ ಮೊದಲ ಮ್ಯೂಸಿಕ್ ವಿಡಿಯೋ ‘ಒನ್’ಗೆ ಬಂತು, ಆ ಹಾಡು ಹಾಟ್ 100ರಲ್ಲಿ 35ಕ್ಕೇರಿತು. 1989ರಲ್ಲಿ ಗ್ರ್ಯಾಮಿ ಮೊದಲ ಬಾರಿಗೆ ಹಾರ್ಡ್ ರಾಕ್/ಮೆಟಲ್ ಪ್ರಶಸ್ತಿ ಕೊಟ್ಟಾಗ ಅದು ಜೆಥ್ರೋ ಟಲ್ ಪಾಲಾಯಿತು, ಕೊಳಲಿನ ಬ್ಯಾಂಡ್! ಮರುವರ್ಷ ‘ಒನ್’ಗೆ ಮೆಟಲ್ ಗ್ರ್ಯಾಮಿ ಸಿಕ್ಕಿತು.

ಫೇಡರ್ ಅವರ ಜತೆ ಒಂದು ತಕರಾರು. ಒಣ ಸದ್ದನ್ನು ಬರೀ ತಪ್ಪು ಅಂತ ತಳ್ಳಿಹಾಕಲು ಮನಸ್ಸಾಗುತ್ತಿಲ್ಲ. ‘ಬ್ಲ್ಯಾಕನ್ಡ್’ ಹಾಡಿನ ರಿಫ್ಫಿನ ತಾಳದ ಮುರಿತಗಳು ಅಷ್ಟು ಚೂಪಾಗಿ ಕಿವಿಗೆ ಬೀಳುವುದು ತಳದಲ್ಲಿ ಗದ್ದಲ ಇಲ್ಲದ್ದರಿಂದಲೇ. ಬೇಸ್ ಏರಿಸಿದ ರೂಪಗಳಲ್ಲಿ ಆ ಅಂಚು ಸ್ವಲ್ಪ ಮೊಂಡಾಗುತ್ತದೆ. ನನ್ನ ಮಟ್ಟಿಗೆ ನಿಜವಾದ ತೊಂದರೆ ಉದ್ದದ್ದು. ಶೀರ್ಷಿಕೆ ಹಾಡು ಒಂಬತ್ತೂವರೆ ನಿಮಿಷ ದಾಟುತ್ತದೆ. ಆ ಪ್ರವಾಸ ಮುಗಿದ ಮೇಲೆ 2007ರ ತನಕ ಅದನ್ನು ವೇದಿಕೆಯಲ್ಲಿ ಪೂರ್ತಿ ನುಡಿಸಲಿಲ್ಲ. 1991ರಲ್ಲಿ ನಿರ್ಮಾಪಕ ಬಾಬ್ ರಾಕ್ ಜತೆ ಮಾಡಿದ ಆಲ್ಬಮ್ಮಿನಲ್ಲಿ ಹಾಡುಗಳೂ ಗಿಡ್ಡವಾದವು, ಬೇಸೂ ಮೇಲೆ ಬಂತು.

ಫೇಡರ್:
ಚೂಪಿನ ಮಾತು ಒಪ್ಪಿದೆ. ಆದರೆ ಐದಾರು ಡೆಸಿಬಲ್ ಬದಲು ಎರಡು ಇಳಿಸಿದ್ದರೂ ಆ ಚೂಪು ಉಳಿಯುತ್ತಿತ್ತು.