ಎಳೆಮರಿಯ ರಕ್ತದೊತ್ತಡ: ‘ನಿಯಂತ್ರಣ’ವೋ, ‘ಹದ’ವೋ, ‘ನೆಲೆ’ಯೋ?

ಅಥಣಿಯ ಪಶುವೈದ್ಯ ಗೆಳೆಯರೊಬ್ಬರು ಪಶುಸಂಗೋಪನೆಯ ಡಿಪ್ಲೊಮಾ ಓದುವ ಹುಡುಗರಿಗಾಗಿ ಕುರಿಮರಿಯ ಶರೀರಕ್ರಿಯೆಯ ಬಗ್ಗೆ ಕನ್ನಡದಲ್ಲಿ ಪುಸ್ತಿಕೆ ಬರೆಯುತ್ತಿದ್ದಾರೆ. ಭಾಷೆ ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಒಂದು ಪದದಲ್ಲಿ ಇಬ್ಬರೂ ಸಿಕ್ಕಿಕೊಂಡಿದ್ದೇವೆ, ತಿಳಿದವರು ಬಿಡಿಸಿಕೊಡಬೇಕು.

ಕರಡಿನಲ್ಲಿ ‘ಜನನಾನಂತರ ರಕ್ತದೊತ್ತಡ ನಿಯಂತ್ರಣದ ಬೆಳವಣಿಗೆ’ ಎಂಬ ಅಧ್ಯಾಯವಿದೆ. ನನ್ನ ತಕರಾರು ‘ನಿಯಂತ್ರಣ’ದ ಮೇಲೆ. ‘ಬಿಪಿ ನಿಯಂತ್ರಣಕ್ಕೆ ಬಂತು’, ‘ಹತೋಟಿಗೆ ಬಂತು’ ಎಂದರೆ ಏರಿದ್ದು ಇಳಿಯಿತು ಎಂದೇ ಜನರ ಅರ್ಥ. ಇಳಿದದ್ದು ಏರಿದರೆ ಯಾರೂ ಹಾಗೆನ್ನುವುದಿಲ್ಲ. ಆದರೆ ಈ ಅಧ್ಯಾಯದ ಕಥೆಯೇ ಏರಿಕೆಯದು.

ಹುಟ್ಟುವವರೆಗೆ ಮರಿಯ ರಕ್ತದ ದೊಡ್ಡ ಪಾಲು ಮಾಸಿನ ಕಡೆಗೆ ಸಲೀಸಾಗಿ ಹರಿಯುತ್ತಿರುತ್ತದೆ. ಹೊಕ್ಕುಳಬಳ್ಳಿ ಹರಿದ ಕೂಡಲೇ ಆ ದಾರಿ ಮುಚ್ಚಿ, ದೇಹದ ನಾಳಗಳಲ್ಲಿ ಹರಿವಿಗೆ ಒಟ್ಟಾರೆ ತಡೆ ಹೆಚ್ಚುತ್ತದೆ. ಉಸಿರು ತುಂಬಿದ ಶ್ವಾಸಕೋಶದಲ್ಲಿ ಮಾತ್ರ ತಡೆ ಕುಸಿಯುತ್ತದೆ. ಅಲ್ಲಿಂದ ಮುಂದೆ ವಾರಗಟ್ಟಲೆ ಮಹಾಪಧಮನಿಯ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ) ಒತ್ತಡ ಏರುತ್ತಾ ಹೋಗುತ್ತದೆ. ಮನುಷ್ಯರಲ್ಲೂ ಹೀಗೆಯೇ: ದಿನ ತುಂಬಿ ಹುಟ್ಟಿದ ಕೂಸಿನ ಸಂಕೋಚನದ ಒತ್ತಡ (ಬಿಪಿಯ ಮೇಲಿನ ಅಂಕಿ) ಸುಮಾರು 70 ಮಿಲಿಮೀಟರ್ ಪಾದರಸ, ದೊಡ್ಡವರಲ್ಲಿ 120ರ ಆಸುಪಾಸು.

ಕತ್ತಿನ ಅಪಧಮನಿಯಲ್ಲಿ, ಮಹಾಪಧಮನಿಯ ಕಮಾನಿನಲ್ಲಿ ಒತ್ತಡ ಅರಿಯುವ ನರತುದಿಗಳಿವೆ. ಒತ್ತಡ ಏರಿದರೆ ಹೃದಯಬಡಿತ ನಿಧಾನ, ಇಳಿದರೆ ಚುರುಕು. ಈ ಪ್ರತಿಕ್ರಿಯೆ ಗರ್ಭದಲ್ಲೇ ಶುರುವಾಗಿರುತ್ತದೆ. ಹಾಗಿದ್ದರೆ ಹುಟ್ಟಿದ ಮೇಲಿನ ಏರಿಕೆಯನ್ನು ಅದು ತಡೆಯಬೇಕಿತ್ತಲ್ಲ? ತಡೆಯುವುದಿಲ್ಲ. ಎಷ್ಟು ಒತ್ತಡವನ್ನು ಸರಿಯೆಂದು ಹಿಡಿಯಬೇಕು ಎಂಬ ಮಟ್ಟವೇ ಮೇಲಕ್ಕೆ ಸರಿಯುತ್ತದೆ. ಸೆಟ್ ಪಾಯಿಂಟ್ ಎಂದು ಕರೆಯುವ ಈ ಮಟ್ಟಕ್ಕೆ ಪದ ಬೇಕಾಗಿದೆ. ಅದು ಸಿಕ್ಕರೆ ‘ನಿಯಂತ್ರಣ’ದ ಗಂಟು ತಾನೇ ಸಡಿಲಾಗುತ್ತದೆ.

ನನಗೆ ಮೊದಲು ಹೊಳೆದದ್ದು ‘ಹದ’. ಎರೆಹೊಲದ ಹದ ನೋಡಿ ಹಿಂಗಾರಿ ಜೋಳ ಬಿತ್ತುವ ಮನೆಗಳ ಹುಡುಗರಿಗೆ ಅದನ್ನು ವಿವರಿಸಬೇಕಿಲ್ಲ. ‘ಒತ್ತಡದ ಹದ ಕಾಯುವುದು’ ಎಂದರೆ ಏರಿದ್ದನ್ನು ಇಳಿಸುವುದೂ ಇಳಿದದ್ದನ್ನು ಏರಿಸುವುದೂ ಅದರೊಳಗೇ ಬರುತ್ತವೆ. ಗೆಳೆಯರು ಒಪ್ಪಲಿಲ್ಲ, ಅವರ ಕಾರಣ ಗಟ್ಟಿಯಾಗಿದೆ: ಬಹುಕಾಲ ಅಧಿಕ ರಕ್ತದೊತ್ತಡ ಇರುವವರಲ್ಲಿಯೂ ಈ ಮಟ್ಟ ಮೇಲಕ್ಕೆ ಸರಿದು, ಕೇಡು ಮಾಡುವ ಒತ್ತಡವನ್ನೇ ದೇಹ ಕಾಯ್ದುಕೊಂಡು ಕೂರುತ್ತದೆ. ಅದನ್ನು ಹದವೆನ್ನಲು ಬಾಯಿ ಬಾರದು. ಹಾಗಾಗಿ ಈಗ ‘ನೆಲೆ’ಯ ಕಡೆಗೆ ವಾಲಿದ್ದೇನೆ: ‘ಹುಟ್ಟಿದ ಮೇಲೆ ಒತ್ತಡದ ನೆಲೆ ಮೇಲೇರುತ್ತದೆ.’ ಒಳ್ಳೆಯದು, ಕೆಟ್ಟದ್ದು ಎಂಬ ಸೋಂಕು ಅದಕ್ಕಿಲ್ಲ. ಮಟ್ಟ ಹೀಗೆ ಸರಿಯುವುದಕ್ಕೆ (ರೀಸೆಟ್) ‘ಮರುಹೊಂದಿಕೆ’ ಎಂದರೆ ಮೊಬೈಲ್ ನೆನಪಾಗುತ್ತದೆ, ಬೇಡ.

‘ಬೆಳವಣಿಗೆ’ಯೂ ನನಗೆ ಹಿಡಿಸುತ್ತಿಲ್ಲ, ಅದು ಗಾತ್ರದ ಮಾತಾಗುತ್ತದೆ. ಕುರಿಮರಿ ಹುಟ್ಟಿದ ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಲ್ಲುತ್ತದೆ. ಕಣ್ಣು ಮುಚ್ಚಿಕೊಂಡೇ ಹುಟ್ಟುವ ಇಲಿಮರಿಯಲ್ಲಾದರೋ ಹೃದಯಕ್ಕೆ ಹೋಗಿ ಬಡಿತ ಚುರುಕುಗೊಳಿಸುವ ಸಿಂಪಥೆಟಿಕ್ ನರಗಳು ಪೂರ್ತಿ ಕೆಲಸಕ್ಕೆ ಬರಲು ವಾರಗಳೇ ಬೇಕು. ಇಂಥದ್ದಕ್ಕೆ ‘ಬಲಿಯುವುದು’ ಸರಿಯಾದ ಕನ್ನಡ. ಆದರೆ ಕುರಿಮರಿಯ ಪಕ್ಕದಲ್ಲಿ ‘ಬಲಿ’ ಎಂದು ಅಚ್ಚಾದರೆ ಓದುವವರ ಮನಸ್ಸು ಜಾತ್ರೆಯ ಕಡೆಗೆ ಹೋಗುತ್ತದೆ!

ವೈದ್ಯ ಬರಹಗಳಲ್ಲಿ ‘ನೆಲೆ’ ಆಗಲೇ ಬೇರೆ ಅರ್ಥಕ್ಕೆ ಬಳಕೆಯಲ್ಲಿದೆಯೇ? ಇಲ್ಲವಾದರೆ ಅಧ್ಯಾಯದ ತಲೆಬರಹವನ್ನು ‘ಎಳೆಮರಿಯಲ್ಲಿ ರಕ್ತದೊತ್ತಡದ ನೆಲೆ ಕಾಯುವಿಕೆ’ ಎಂದು ಬದಲಿಸಬಹುದೇ?